ಮಾತ್ರೆ ಕಾರ್ಖಾನೆ ಮುಚ್ಚಿದ ಮೇಲೆ

ಔಷಧ ಕಾರ್ಖಾನೆ ಒಂದೇ ದಿನಕ್ಕೆ ಮುಚ್ಚುವುದಿಲ್ಲ. ಮೊದಲು ಓವರ್‌ಟೈಮ್ ನಿಲ್ಲುತ್ತದೆ. ಆಮೇಲೆ ರಾತ್ರಿ ಪಾಳಿ ಹೋಗುತ್ತದೆ. ಕಚ್ಚಾ ಸಾಮಾನು ತರುವ ಲಾರಿ ದಿನಾ ಬರುತ್ತಿದ್ದದ್ದು ವಾರಕ್ಕೊಮ್ಮೆ ಆಗುತ್ತದೆ, ಹದಿನೈದು ದಿನಕ್ಕೊಮ್ಮೆ ಆಗುತ್ತದೆ. ಲ್ಯಾಬಿನಲ್ಲಿ ಮಾತ್ರೆಯ ಗುಣಮಟ್ಟ ಪರೀಕ್ಷಿಸುವ ಕ್ಯೂಸಿ ಹುಡುಗರಿಗೆ ಎಲ್ಲರಿಗಿಂತ ಮೊದಲು ಸುಳಿವು ಸಿಗುತ್ತದೆ, ಪರೀಕ್ಷೆಗೆ ಬರುವ ಸ್ಯಾಂಪಲ್ ಕಡಿಮೆಯಾಗುವುದು ಅವರ ಮೇಜಿನ ಮೇಲೇ ಕಾಣುತ್ತದಲ್ಲ. ಅವರು ಯಾರಿಗೂ ಹೇಳದೆ ಹೈದರಾಬಾದಿಗೆ ಅರ್ಜಿ ಹಾಕುತ್ತಾರೆ. ಏಳನೇ ತಾರೀಖಿಗೆ ಬರುತ್ತಿದ್ದ ಸಂಬಳ ಹದಿನೈದಕ್ಕೆ ಬರುತ್ತದೆ, ಮುಂದಿನ ತಿಂಗಳು ಇಪ್ಪತ್ತಕ್ಕೆ. ಮ್ಯಾನೇಜರುಗಳು ಮೀಟಿಂಗ್ ಕರೆದು ಎಲ್ಲ ಸರಿಹೋಗುತ್ತದೆ ಅನ್ನುತ್ತಾರೆ. ಕೊನೆಗೆ ಒಂದು ದಿನ ಗೇಟಿಗೆ ನೋಟಿಸು ಅಂಟಿರುತ್ತದೆ, ಅದೂ ಇಂಗ್ಲಿಷಿನಲ್ಲಿ.

ನಮ್ಮ ರಾಯಚೂರಿನ ಹೊರಗಿದ್ದ ಮಾತ್ರೆ ಕಾರ್ಖಾನೆಯೊಂದು ಹೀಗೇ ಮುಚ್ಚಿತು. ದೊಡ್ಡ ಹೆಸರಿನ ಕಂಪನಿಯಲ್ಲ. ಜ್ವರ, ಗ್ಯಾಸ್ಟ್ರಿಕ್, ಬಿಪಿ, ಸಕ್ಕರೆ ಕಾಯಿಲೆಗೆ ಕೊಡುವ ಸಾಧಾರಣ ಮಾತ್ರೆಗಳನ್ನು ಬೇರೆಯವರ ಬ್ರ್ಯಾಂಡಿಗೆ ಮಾಡಿಕೊಡುತ್ತಿತ್ತು, ಟೆಂಡರ್ ಸಿಕ್ಕಾಗ ಸರ್ಕಾರಿ ಆಸ್ಪತ್ರೆಗಳಿಗೂ ಕಳಿಸುತ್ತಿತ್ತು. ನಾನು ಇಲ್ಲಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ನನ್ನ ಬಿಎಸ್ಸಿ ವಿದ್ಯಾರ್ಥಿಗಳಲ್ಲಿ ಹಲವರು ಮೊದಲ ಸಂಬಳ ತೆಗೆದುಕೊಂಡದ್ದು ಅಲ್ಲೇ. ಹಾಗಾಗಿ ಅದರ ಬಗ್ಗೆ ದೂರ ನಿಂತು ಬರೆಯಲು ನನ್ನಿಂದ ಆಗುವುದಿಲ್ಲ.

ಬೆಂಗಳೂರಿನವರಿಗೆ ಇಂಥ ಒಂದು ಸಣ್ಣ ಕಾರ್ಖಾನೆ ಏನು ಎಂದು ತಿಳಿಸಿ ಹೇಳುವುದು ಕಷ್ಟ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60 ಕೂಡ ಮುಟ್ಟಿರಲಿಲ್ಲ. ರಾಜ್ಯದಲ್ಲಿ ನಮಗಿಂತ ಕೆಳಗಿದ್ದದ್ದು ಯಾದಗಿರಿ ಒಂದೇ. ಎರಡು ನದಿಗಳ ನಡುವಿನ ಜಿಲ್ಲೆ, ಆದರೂ ಕಾಲುವೆ ನೀರು ತಲುಪದ ಊರುಗಳಿಂದ ಪ್ರತಿ ವರ್ಷ ಸುಗ್ಗಿ ಮುಗಿದದ್ದೇ ಜನ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಅಂಥ ಮನೆಯಿಂದ ಬಂದ ಹುಡುಗ ಬಿಎಸ್ಸಿ ಮುಗಿಸಿದರೆ ಅವನ ಮುಂದಿರುವ ದಾರಿ ಎಷ್ಟು? ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ, ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಸಿಕ್ಕರೆ ಇಡೀ ಊರು ಮಾತಾಡಿಕೊಳ್ಳುತ್ತದೆ, ಯಾಕೆಂದರೆ ಸಿಗುವುದು ಅಷ್ಟು ಅಪರೂಪ. ಸಂವಿಧಾನದ 371 ಜೆ ವಿಧಿ 2013ರಿಂದ ಸರ್ಕಾರಿ ನೌಕರಿಯಲ್ಲಿ ನಮ್ಮ ಭಾಗದವರಿಗೆ ಮೀಸಲು ಕೊಟ್ಟಿದೆ ನಿಜ, ಆದರೆ ನೇಮಕಾತಿ ಆದರೆ ತಾನೇ ಮೀಸಲು. ಉಳಿದಂತೆ ಹತ್ತಿ ಜಿನ್ನಿಂಗ್, ಅಕ್ಕಿ ಮಿಲ್ಲು. ಅಲ್ಲಿ ಬಿಎಸ್ಸಿಗೆ ಕೆಲಸವಿಲ್ಲ.

ಔಷಧ ಘಟಕಗಳು ಬಂದ ಮೇಲೆ ಮೊದಲ ಸಲ ಹೀಗಾಯಿತು: ಕಾಲೇಜಿನಲ್ಲಿ ಟೈಟ್ರೇಷನ್ (ದ್ರಾವಣದಲ್ಲಿ ಒಂದು ವಸ್ತು ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ಕಲಿತ ಹುಡುಗ ಬಿಳಿ ಕೋಟು ಹಾಕಿ ಅದೇ ಟೈಟ್ರೇಷನ್ ಮಾಡಿ ಸಂಬಳ ತಂದ. ಬೆಳಿಗ್ಗೆ ಊರಿನಿಂದ ಬಸ್ಸು ಹತ್ತಿ ಸಂಜೆ ಮನೆಗೆ ಬಂದು ಊಟ ಮಾಡಿದ. ತಂಗಿಯನ್ನು ಓದಿಸಿದ. ನನ್ನ ತರಗತಿಗೆ ಅಣ್ಣನನ್ನು ನೋಡಿ ಬಂದು ಸೇರಿದ ತಂಗಿಯರಿದ್ದಾರೆ. ಅವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮುಚ್ಚಿದ್ದಕ್ಕೆ ಮಾಲೀಕರು ಕೊಟ್ಟ ಕಾರಣ ಹೊಸ ನಿಯಮ. ಅದನ್ನು ಸುಳ್ಳು ಎಂದು ತಳ್ಳಿಹಾಕಲಾರೆ. ಔಷಧ ತಯಾರಿಕೆಯ ಕಟ್ಟಡ, ಗಾಳಿ, ನೀರು, ಯಂತ್ರ, ದಾಖಲೆ ಎಲ್ಲ ಹೇಗಿರಬೇಕೆಂದು ಹೇಳುವ ಶೆಡ್ಯೂಲ್ ಎಂ ಅನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಪರಿಷ್ಕರಿಸಿತು. 250 ಕೋಟಿಗಿಂತ ಹೆಚ್ಚು ವಹಿವಾಟಿದ್ದವರಿಗೆ ಆರು ತಿಂಗಳು, ಸಣ್ಣವರಿಗೆ ಒಂದು ವರ್ಷ ಸಮಯ ಕೊಟ್ಟಿತು. ಸಣ್ಣವರು ಆಗುವುದಿಲ್ಲ ಎಂದು ಕೇಳಿಕೊಂಡ ಮೇಲೆ, ಅರ್ಜಿ ಹಾಕಿದವರಿಗೆ 2025ರ ಡಿಸೆಂಬರ್ 31ರವರೆಗೆ ಗಡುವು ಮುಂದೆ ಹೋಯಿತು. ಒಂದು ಕೋಣೆಯ ಪುಡಿ ಇನ್ನೊಂದು ಕೋಣೆಗೆ ಹೋಗದಂತೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆಗೇ ಕೋಟಿಗಟ್ಟಲೆ ಬೇಕು. ಟೆಂಡರಿನಲ್ಲಿ ಪೈಸೆ ಪೈಸೆ ಇಳಿಸಿ ಮಾತ್ರೆ ಮಾರುವ ಘಟಕಕ್ಕೆ ಅದು ಭಾರವೇ.

ಆದರೆ ನಿಯಮ ಯಾಕೆ ಬಂತು, ಈಗಲೂ ಯಾಕೆ ಬೇಕು ಎಂಬುದನ್ನು ನಮ್ಮ ಸೀಮೆಯವರು ಮರೆಯುವಂತಿಲ್ಲ. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಭಾರತದ ಕೆಮ್ಮಿನ ಸಿರಪ್ ಕುಡಿದ ಎಳೆ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಅದೇ ಕಥೆ, ಅದೇ ಬಗೆಯ ವಿಷ. ನಡುವೆ, 2024ರ ನವೆಂಬರಿನಲ್ಲಿ, ನಮ್ಮ ಪಕ್ಕದ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯಾದ ಐವರು ಬಾಣಂತಿಯರು ತೀರಿಕೊಂಡರು. ಅವರಿಗೆ ಡ್ರಿಪ್‌ನಲ್ಲಿ ಕೊಟ್ಟ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ರಾಜ್ಯ ಸರ್ಕಾರಕ್ಕೇ ಅನುಮಾನ ಬಂತು. ಅದು ತಯಾರಾದದ್ದು ಪಶ್ಚಿಮ ಬಂಗಾಳದಲ್ಲಿ. ಆ ದಿನಗಳಲ್ಲಿ ನನ್ನ ತರಗತಿಯಲ್ಲಿ ಒಂದು ಹುಡುಗಿ ಎದ್ದು ನಿಂತು, "ಸರ, ಆ ಬಾಟ್ಲಿ ಟೆಸ್ಟ್ ಮಾಡಿದವ್ರೂ ನಮ್ಮಂಗೇ ಕೆಮಿಸ್ಟ್ರಿ ಓದಿದವ್ರೇ ಇದ್ದಿರಬೇಕಲ್ರಿ?" ಎಂದು ಕೇಳಿದ್ದಳು. ಕೆಟ್ಟ ಔಷಧ ಮಾಡುವ ಕಾರ್ಖಾನೆ ಮುಚ್ಚಲೇಬೇಕು. ನಿಯಮ ಬಿಗಿಯಾಗಲೇಬೇಕು. ಈ ಮಾತಿನಲ್ಲಿ ನನಗೆ ಎರಡು ಮನಸ್ಸಿಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. ನಿಯಮ ಪಾಲಿಸಲು ಹಣವಿಲ್ಲ ಎಂದು ಮಾಲೀಕ ಬಾಗಿಲು ಹಾಕಿದಾಗ ಆ ನಷ್ಟ ಯಾರ ಪಾಲಿಗೆ ಬೀಳುತ್ತದೆ? ಜಾಗ ಅವರದ್ದೇ ಉಳಿಯುತ್ತದೆ. ಯಂತ್ರಗಳು ಹಳೆಯ ಸಾಮಾನಿನ ಬೆಲೆಗಾದರೂ ಹೋಗುತ್ತವೆ. ಹದಿನೈದು ವರ್ಷ ಆ ಯಂತ್ರದ ಮುಂದೆ ನಿಂತವನಿಗೆ ಮಾತ್ರ ಎಲ್ಲವೂ ಒಮ್ಮೆಲೇ ಹೋಗುತ್ತದೆ.

ನಮ್ಮ ಓಣಿಯಲ್ಲೇ ಒಬ್ಬ ಕಂಪ್ರೆಷನ್ ಆಪರೇಟರ್ ಇದ್ದಾನೆ. ಐಟಿಐ ಓದಿದವನು. ಪುಡಿಯನ್ನು ಒತ್ತಿ ಮಾತ್ರೆ ಮಾಡುವ ಯಂತ್ರ ಅವನದ್ದು. ಪುಡಿಯಲ್ಲಿ ತೇವ ಸ್ವಲ್ಪ ಹೆಚ್ಚಾದರೆ ಮಾತ್ರೆ ಪಂಚಿಗೆ, ಅಂದರೆ ಒತ್ತುವ ಅಚ್ಚಿಗೆ, ಅಂಟುತ್ತದೆ, ಕಡಿಮೆಯಾದರೆ ಮೇಲಿನ ಟೋಪಿ ಹಾರುತ್ತದೆ, ಅದನ್ನು ಅವರು ಕ್ಯಾಪಿಂಗ್ ಅನ್ನುತ್ತಾರೆ. ಲ್ಯಾಬಿನಿಂದ ವರದಿ ಬರುವ ಮೊದಲೇ ಅವನು ಯಂತ್ರದ ಸದ್ದು ಕೇಳಿ ಏನೋ ಸರಿಯಿಲ್ಲ ಎಂದು ನಿಲ್ಲಿಸುತ್ತಿದ್ದನಂತೆ. ಅವನಿಗೆ ಈಗ ನಲವತ್ತೆರಡು. ಹೈದರಾಬಾದಿನ ಕಂಪನಿಗಳಲ್ಲಿ ಇಪ್ಪತ್ತೈದರ ಹುಡುಗರನ್ನು ಕೇಳುತ್ತಾರೆ, ಡಿಪ್ಲೊಮಾ ಕೇಳುತ್ತಾರೆ. ಅವನ ಕಿವಿಯಲ್ಲಿರುವ ಆ ಜ್ಞಾನ ರಾಯಚೂರಿನ ಬೇರೆ ಯಾವ ಕೆಲಸಕ್ಕೂ ಬರುವುದಿಲ್ಲ. ಸದ್ಯ ಒಂದು ಗೊಬ್ಬರದ ಅಂಗಡಿಯಲ್ಲಿ ಚೀಲ ಇಳಿಸುತ್ತಾನೆ.

ಅವನು ರೋಲ್‌ನಲ್ಲಿದ್ದವನು, ಅಂದರೆ ಪರ್ಮನೆಂಟ್. ಹಾಗಾಗಿ ಕಾನೂನು ಅವನನ್ನು ಕಾಣುತ್ತದೆ. ಮುಚ್ಚಿದ ಕಾರ್ಖಾನೆಯ ಕೆಲಸಗಾರನಿಗೆ ಪೂರ್ತಿ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಎಂದು 1947ರ ಕೈಗಾರಿಕಾ ವಿವಾದ ಕಾಯ್ದೆ ಹೇಳುತ್ತಿತ್ತು, ಅದರ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆಯೂ ಅದನ್ನೇ ಹೇಳುತ್ತದೆ. 14 ವರ್ಷ ದುಡಿದವನಿಗೆ 210 ದಿನದ ಸಂಬಳ. ಏಳು ತಿಂಗಳು. ಅದರ ಜತೆ ಗ್ರಾಚ್ಯುಟಿ (ಐದು ವರ್ಷ ಸೇವೆ ಮಾಡಿದವರಿಗೆ ಹೊರಡುವಾಗ ಸಿಗುವ ಇಡುಗಂಟು), ಪಿಎಫ್. ಮಗಳ ಪಿಯುಸಿ, ಮನೆ ಸಾಲ, ಸಂಘದ ಕಂತು ಇರುವ ಮನೆಯಲ್ಲಿ ಏಳು ತಿಂಗಳು ಎಷ್ಟು ಬೇಗ ಕಳೆದುಹೋಗುತ್ತದೆ ಎಂದು ಅವನ ಹೆಂಡತಿಯನ್ನು ಕೇಳಬೇಕು.

ಮೊದಲು 100 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆ ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಮಿತಿಯನ್ನು 300ಕ್ಕೆ ಏರಿಸಿದೆ. ನಮ್ಮ ಜಿಲ್ಲೆಯಲ್ಲಿ 300 ಜನರನ್ನು ರೋಲ್‌ನಲ್ಲಿ ಇಟ್ಟುಕೊಂಡಿರುವ ಖಾಸಗಿ ಕಾರ್ಖಾನೆಯನ್ನು ಹುಡುಕಿಕೊಂಡು ಹೋಗಬೇಕು. ಅದಕ್ಕಿಂತ ಸಣ್ಣವರು ನೋಟಿಸು ಕೊಟ್ಟು, ಪರಿಹಾರ ಕೊಟ್ಟು ಹೊರಟರೆ ಆಯಿತು. ಎಣಿಸುವಾಗ ಕಾಂಟ್ರಾಕ್ಟಿನವರು ಸಾಮಾನ್ಯವಾಗಿ ಲೆಕ್ಕಕ್ಕೇ ಬರುವುದಿಲ್ಲ, ಅವರು ಗುತ್ತಿಗೆದಾರನ ಜನ. ಈ ಕಾರ್ಖಾನೆಯ ಗೇಟಿನಲ್ಲಿ ದಿನಾ ಒಳಹೋಗುತ್ತಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಂಥವರೇ.

ಅವರಲ್ಲಿ ಒಬ್ಬಾಕೆ ನಮ್ಮ ಮನೆಗೆ ಬಂದಿದ್ದಳು. ಅವಳ ಮಗ ನನ್ನ ಹಳೆಯ ವಿದ್ಯಾರ್ಥಿ. ಪ್ಯಾಕಿಂಗ್ ಹಾಲಿನಲ್ಲಿ ಹತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದವಳು. ಏಳನೆಯ ಇಯತ್ತೆ ಓದಿದ್ದಾಳೆ. "ಸರ, ನಾ ಅಲ್ಲಿ ಕೆಲ್ಸನ ಮಾಡಿಲ್ಲ ಅಂತಾರ್ರಿ. ಯಾವ ಕಾಗದದಾಗೂ ನಿನ್ ಹೆಸರಿಲ್ಲವಾ, ಕಾಂಟ್ರಾಕ್ಟರ್‌ನ ಕೇಳು ಅಂತಾರ. ಅವ ಫೋನ್ ಎತ್ತವಲ್ಲ," ಅಂದಳು. ಪಿಎಫ್ ಪಾಸ್‌ಬುಕ್ ತೆಗೆದು ನೋಡಿದೆವು. ಅದರಲ್ಲಿ ಕಾರ್ಖಾನೆಯ ಹೆಸರೇ ಇಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದ ಗುತ್ತಿಗೆದಾರರ ಹೆಸರುಗಳಿವೆ, ನಡುವೆ ತಿಂಗಳುಗಟ್ಟಲೆ ಖಾಲಿ. ಅವಳು ಬಿಟ್ಟಿರಲಿಲ್ಲ. ಅದೇ ಹಾಲ್, ಅದೇ ಮೇಜು, ಅದೇ ಸೂಪರ್‌ವೈಸರ್. ಗುತ್ತಿಗೆದಾರ ಬದಲಾದಾಗಲೆಲ್ಲ ಅವಳು ಕಾಗದದ ಮೇಲೆ ಹೊಸದಾಗಿ ಸೇರಿದ್ದಾಳೆ. ಒಂದು ಕಡೆ ಹೆಸರಿನ ಸ್ಪೆಲ್ಲಿಂಗ್ ಆಧಾರ್‌ಗೆ ಹೊಂದುವುದಿಲ್ಲ, ಹಣ ಅಲ್ಲೇ ಸಿಕ್ಕಿಕೊಂಡಿದೆ. ಐದು ವರ್ಷದ ಸೇವೆ ಎಲ್ಲೂ ಒಟ್ಟಾಗುವುದಿಲ್ಲ, ಹಾಗಾಗಿ ಗ್ರಾಚ್ಯುಟಿಯ ಮಾತೇ ಇಲ್ಲ ಎನ್ನುತ್ತಾರೆ.

ಅವಳು ಏನು ಕೆಲಸ ಮಾಡುತ್ತಿದ್ದಳು ಎಂದು ಕೇಳಿದೆ. ಲೇಬಲ್ ಎಣಿಸುವ ಕೆಲಸ.

ಔಷಧ ಕಾರ್ಖಾನೆಯ ಒಳಗಿನ ಶಿಸ್ತು ಗೊತ್ತಿಲ್ಲದವರಿಗೆ ಇದು ಕ್ಷುಲ್ಲಕ ಅನ್ನಿಸಬಹುದು. ಒಂದು ಬ್ಯಾಚಿಗೆ ಎಷ್ಟು ಲೇಬಲ್, ಎಷ್ಟು ಪೆಟ್ಟಿಗೆ ಕೊಟ್ಟರು, ಎಷ್ಟು ಬಳಸಿದರು, ಎಷ್ಟು ಹರಿದವು, ಎಷ್ಟು ಸ್ಯಾಂಪಲ್‌ಗೆ ಹೋದವು, ಎಷ್ಟು ಉಳಿದವು, ಎಲ್ಲ ಕೂಡಿಸಿದಾಗ ಕೊಟ್ಟ ಲೆಕ್ಕಕ್ಕೆ ತಾಳೆಯಾಗಬೇಕು. ಬ್ಯಾಚ್ ನಂಬರ್ ಬಿದ್ದು ಉಳಿದ ಲೇಬಲ್‌ಗಳನ್ನು ಹರಿದು ನಾಶ ಮಾಡಿ, ಮಾಡಿದೆವು ಎಂದು ಬರೆದು ಸಹಿ ಹಾಕಬೇಕು. ಲೆಕ್ಕ ತಪ್ಪಿದರೆ ಹಾಲ್ ಇಡೀ ಹುಡುಕಬೇಕು, ಮೇಜಿನ ಕೆಳಗೆ, ಯಂತ್ರದ ಸಂದಿಯಲ್ಲಿ, ಕಸದ ಡಬ್ಬಿಯಲ್ಲಿ. ಯಾಕೆಂದರೆ ಬಿಪಿ ಮಾತ್ರೆಯ ಒಂದು ಲೇಬಲ್ ಮುಂದಿನ ಬ್ಯಾಚಿನ ಸಕ್ಕರೆ ಮಾತ್ರೆಯ ಮೇಲೆ ಅಂಟಿದರೆ ಅದು ಒಬ್ಬರ ಜೀವ ತೆಗೆಯಬಹುದು. ಹಾಗೆ ಒಂದು ಸಲ ಊಟ ಬಿಟ್ಟು ಸಂಜೆವರೆಗೆ ಹುಡುಕಿ ಎರಡು ಲೇಬಲ್ ಪತ್ತೆ ಮಾಡಿದ್ದನ್ನು ಆಕೆ ನನಗೆ ಹೆಮ್ಮೆಯಿಂದ ಹೇಳಿದಳು. ಹೆಮ್ಮೆ ಪಡುವಂಥದ್ದೇ. ಒಂದು ಕಾಗದದ ಚೂರಿಗೂ ಲೆಕ್ಕ ಒಪ್ಪಿಸಿದ ಹೆಂಗಸಿನ ಹತ್ತು ವರ್ಷಕ್ಕೆ ಲೆಕ್ಕ ಒಪ್ಪಿಸುವವರು ಯಾರೂ ಇಲ್ಲ. ಈ ಬರಹ ಬರೆಯಲು ನನ್ನನ್ನು ಕೂರಿಸಿದ್ದು ಇದೊಂದೇ ಸಂಗತಿ.

ಮುಚ್ಚಿದ ಮೇಲೆ ಯಾರು ಎಲ್ಲಿಗೆ ಹೋದರು? ಲ್ಯಾಬಿನ ಹುಡುಗರಲ್ಲಿ ಬಹುತೇಕರು ಹೈದರಾಬಾದ್ ಸುತ್ತಿನ ಜೀಡಿಮೆಟ್ಲ, ಬೊಲ್ಲಾರಂ, ಪಾಶಮೈಲಾರಂ ಕಡೆ. ಒಂದು ಕೋಣೆಯಲ್ಲಿ ನಾಲ್ಕೈದು ಮಂದಿ ಇದ್ದು, ತಿಂಗಳಿಗೊಮ್ಮೆ ಊರಿಗೆ. 2025ರ ಜೂನ್ 30ರಂದು ಪಾಶಮೈಲಾರಂನ ಔಷಧ ಸಾಮಗ್ರಿ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ 40ಕ್ಕೂ ಹೆಚ್ಚು ಕಾರ್ಮಿಕರು ಸತ್ತದ್ದು ಎಲ್ಲರಿಗೂ ನೆನಪಿದೆ. ಅವರಲ್ಲಿ ಬಹಳ ಮಂದಿ ಬಿಹಾರ, ಒಡಿಶಾ, ಉತ್ತರ ಪ್ರದೇಶದಿಂದ ದುಡಿಯಲು ಬಂದವರು. ಈಗ ನಮ್ಮ ಹುಡುಗರೂ ಅದೇ ಪ್ರದೇಶಕ್ಕೆ ಹೋಗುತ್ತಿದ್ದಾರೆ. ಒಬ್ಬನ ತಾಯಿ ನನ್ನನ್ನು ಬಜಾರಿನಲ್ಲಿ ಕಂಡು, "ಸರ, ಅಂವಗ ಅಲ್ಲಿ ಬ್ಯಾಡ ಅಂತ ಹೇಳ್ರಿ, ನಿಮ್ಮ ಮಾತು ಕೇಳ್ತಾನ," ಅಂದಳು. ಇಲ್ಲಿ ಬಾ ಎಂದು ಕರೆಯಲು ನನ್ನ ಕೈಯಲ್ಲಿ ಏನಿದೆ?

ಪ್ಯಾಕಿಂಗಿನ ಹೆಂಗಸರು ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹಿಂತಿರುಗಿದರು. ಹತ್ತಿಗೆ ಕೆಜಿ ಲೆಕ್ಕ. ಎಷ್ಟೋ ವರ್ಷ ಕೂತು, ನಿಂತು ಕೆಲಸ ಮಾಡಿದ ಬೆನ್ನು ಈಗ ಬಾಗುವುದಿಲ್ಲ, ಆದ್ದರಿಂದ ಹರೆಯದವರು ಬಿಡಿಸಿದಷ್ಟು ಇವರಿಗೆ ಆಗುವುದಿಲ್ಲ, ಕೂಲಿಯೂ ಅಷ್ಟೇ ಕಡಿಮೆ. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ತಿಂಗಳು ಸ್ವಲ್ಪ ಉಸಿರಾಡುತ್ತಾರೆ. ಗೇಟಿನ ಮುಂದೆ ವಗ್ಗರಣಿ ಮಿರ್ಚಿ ಮಾರುತ್ತಿದ್ದವನು ಬಂಡಿಯನ್ನು ಬಸ್ ಸ್ಟ್ಯಾಂಡ್ ಕಡೆ ಒಯ್ದ. ಮೂರು ಪಾಳಿಯ ಜನರನ್ನು ನಂಬಿ ಸಾಲ ಮಾಡಿ ಟಂಟಂ ಆಟೊ ಕೊಂಡವನು ಅದನ್ನು ಮಾರಿದ. ಇವರಿಗೆ ಯಾವ ಕಾನೂನಿನಲ್ಲೂ ಪರಿಹಾರವಿಲ್ಲ.

ಸರ್ಕಾರದ ಯುವನಿಧಿ ಇದೆಯಲ್ಲ ಎಂದು ಒಬ್ಬ ಸಹೋದ್ಯೋಗಿ ಹೇಳಿದರು. ಅದು ಇತ್ತೀಚೆಗೆ ಪದವಿ ಮುಗಿಸಿ ಇನ್ನೂ ಕೆಲಸ ಸಿಗದವರಿಗೆ. ಸಿಕ್ಕಿದ್ದ ಕೆಲಸ ಕಳೆದುಕೊಂಡವನಿಗೆ ಇರುವುದು ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮಾ ನಿಗಮದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. 2018ರಲ್ಲಿ ಶುರುವಾದಾಗ ಸರಾಸರಿ ಸಂಬಳದ ಕಾಲು ಭಾಗ ಕೊಡುತ್ತಿದ್ದರು, ನಂತರ ಅರ್ಧಕ್ಕೆ ಏರಿಸಿದರು. ಗರಿಷ್ಠ 90 ದಿನ, ಜೀವಮಾನದಲ್ಲಿ ಒಮ್ಮೆ. ಕಾರ್ಖಾನೆಯಿಂದ ಹೊರಬಿದ್ದ ಎಷ್ಟು ಜನರಿಗೆ ಇದು ಗೊತ್ತಿತ್ತು ಎಂದು ವಿಚಾರಿಸಿದೆ. ನಾನು ಮಾತಾಡಿಸಿದವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಲಸ ಹೋದ ದಿನವೇ ಇಎಸ್‌ಐ ಚಿಕಿತ್ಸೆಯೂ ಹೋಯಿತು ಎಂದು ತಿಳಿದು ಒಬ್ಬರು ತಾಯಿಯ ಡಯಾಲಿಸಿಸ್‌ಗೆ ಖಾಸಗಿಯಲ್ಲಿ ಸಾಲ ಮಾಡಿ ಹಣ ಕಟ್ಟುತ್ತಿದ್ದರು. ಹಾಗಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕನಿಷ್ಠ 78 ದಿನ ವಂತಿಗೆ ಕಟ್ಟಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ ಸಿಗುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದ್ದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ಗೇಟಿನ ನೋಟಿಸಿನಲ್ಲಿ ಕನ್ನಡದಲ್ಲಿ ಇದೊಂದು ಸಾಲು ಬರೆದಿದ್ದರೆ ಆ ಮನೆಯ ಸಾಲ ಉಳಿಯುತ್ತಿತ್ತು.

ಇನ್ನು ಆ ಹೆಂಗಸಿನ ಕಾಗದದ ಮಾತು. ಅವಳು ಹೋದ ಮೇಲೆ ನಾನು ಶೆಡ್ಯೂಲ್ ಎಂ ತೆಗೆದು ಮತ್ತೆ ಓದಿದೆ. ಪಾಠಕ್ಕೆಂದು ಹಲವು ಸಲ ನೋಡಿದ್ದ ನಿಯಮವೇ, ಆದರೆ ಈ ಸಲ ಅವಳ ಕಣ್ಣಿನಿಂದ ಓದಿದೆ. ತಯಾರಿಕೆ ಮತ್ತು ಪ್ಯಾಕಿಂಗಿನಲ್ಲಿ ಕೈ ಹಾಕುವ ಪ್ರತಿಯೊಬ್ಬರಿಗೂ ತರಬೇತಿ ಕೊಟ್ಟು ಅದರ ದಾಖಲೆ ಇಡಬೇಕು. ಅಲ್ಲಿ ಪರ್ಮನೆಂಟ್, ಕಾಂಟ್ರಾಕ್ಟ್ ಎಂಬ ಭೇದವಿಲ್ಲ, ಮಾತ್ರೆಗೆ ಆ ಭೇದ ಗೊತ್ತಿಲ್ಲ. ಕೆಲಸಕ್ಕೆ ತೆಗೆದುಕೊಳ್ಳುವಾಗ, ಆಮೇಲೆ ಕಾಲಕಾಲಕ್ಕೆ ಅವರ ಆರೋಗ್ಯ ತಪಾಸಣೆ ಮಾಡಿಸಿ ಅದನ್ನೂ ಬರೆದಿಡಬೇಕು. ಬ್ಯಾಚಿನ ಪ್ಯಾಕಿಂಗ್ ದಾಖಲೆಯಲ್ಲಿ ಲೇಬಲ್ ಲೆಕ್ಕ ಹಾಕಿದವರ, ಪರಿಶೀಲಿಸಿದವರ ಸಹಿ ಇರಬೇಕು. ಆ ದಾಖಲೆಯನ್ನು ಮಾತ್ರೆಯ ಅವಧಿ ಮುಗಿದ ಮೇಲೂ ಕನಿಷ್ಠ ಒಂದು ವರ್ಷ ಕಾಪಾಡಬೇಕು. ಬರೆದಿಲ್ಲವೆಂದರೆ ಮಾಡಿಲ್ಲ ಎಂದೇ ಅರ್ಥ ಎಂದು ಈ ಉದ್ಯೋಗದಲ್ಲಿ ಮೊದಲ ದಿನವೇ ಕಲಿಸುತ್ತಾರೆ.

ಮರುದಿನ ಅವಳನ್ನು ಕರೆಸಿ ಕೇಳಿದೆ. ಟ್ರೈನಿಂಗ್ ಕೊಟ್ಟಾಗಲೆಲ್ಲ ಹಾಳೆಯ ಮೇಲೆ ಸಹಿ ಹಾಕಿಸಿಕೊಂಡಿದ್ದಾರೆ. ವರ್ಷಕ್ಕೊಮ್ಮೆ ಡಾಕ್ಟರ್ ಬಂದು ಕಣ್ಣು, ಚರ್ಮ ನೋಡಿ ಬರೆದುಕೊಂಡಿದ್ದಾರೆ. ಲೇಬಲ್ ಎಣಿಸಿದ ಹಾಳೆಗಳಲ್ಲಿ ಅವಳ ಚಿಕ್ಕ ಸಹಿ ಇದೆ, ಪಕ್ಕದಲ್ಲಿ ತಾರೀಖು, ಸಮಯ. ಅಂದರೆ ಯಾವ ಕಾಗದದಲ್ಲೂ ಹೆಸರಿಲ್ಲ ಎಂದು ಅವಳಿಗೆ ಹೇಳಿದ್ದು ಸುಳ್ಳು. ಪೇ ರೋಲ್‌ನಲ್ಲಿ ಇಲ್ಲ, ಅಷ್ಟೆ. ಆ ಕಟ್ಟಡದ ರೆಕಾರ್ಡ್ ರೂಮಿನಲ್ಲಿ ಅವಳು ಯಾವ ದಿನ, ಯಾವ ಹೊತ್ತಿಗೆ, ಯಾವ ಮೇಜಿನ ಮುಂದೆ ಇದ್ದಳು ಎಂಬುದಕ್ಕೆ ಕಟ್ಟುಕಟ್ಟು ಸಾಕ್ಷಿ ಇದೆ. ಗುತ್ತಿಗೆದಾರ ಎಷ್ಟು ಸಲ ಬದಲಾದರೂ ಆ ಸಹಿ ಬದಲಾಗಿಲ್ಲ.

ಅವಳ ಮಗ, ನಾನು, ಕಾರ್ಮಿಕ ಮೊಕದ್ದಮೆ ನಡೆಸುವ ಒಬ್ಬ ವಕೀಲರು ಸೇರಿ ಕಾರ್ಮಿಕ ಅಧಿಕಾರಿಗೆ ಅರ್ಜಿ ಬರೆದೆವು. ಪರಿಹಾರ ಕೊಡಿಸಿ ಎಂಬುದು ಎರಡನೆಯ ಬೇಡಿಕೆ. ಮೊದಲನೆಯದು, ಗೇಟ್ ರಿಜಿಸ್ಟರ್, ತರಬೇತಿ ಹಾಳೆಗಳು, ಆರೋಗ್ಯ ತಪಾಸಣೆಯ ಪುಸ್ತಕ, ಪ್ಯಾಕಿಂಗ್ ದಾಖಲೆಗಳನ್ನು ಈಗಲೇ ತರಿಸಿಕೊಳ್ಳಿ ಎಂಬುದು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಇದೆ. ಆದರೆ ಅವಳು ಅಲ್ಲಿ ದುಡಿದಳು ಎಂದು ತೋರಿಸದೆ ಆ ಬಾಗಿಲು ತಟ್ಟಲಾಗುವುದಿಲ್ಲ. ಮಾತ್ರೆಯ ಮೇಲಿನ ಜವಾಬ್ದಾರಿಗಾಗಿ ಇಟ್ಟ ದಾಖಲೆ ಮನುಷ್ಯರ ಕೆಲಸಕ್ಕೂ ಬರಲಿ. ಔಷಧ ನಿಯಂತ್ರಣ ಇಲಾಖೆ ಒಂದು ಕಾರ್ಖಾನೆಯ ಲೈಸೆನ್ಸ್ ಹಿಂತೆಗೆದುಕೊಳ್ಳುವಾಗ, ಆ ತರಬೇತಿ ಪುಸ್ತಕದಲ್ಲಿರುವ ಹೆಸರುಗಳ ಪಟ್ಟಿಯನ್ನು ಕಾರ್ಮಿಕ ಇಲಾಖೆಗೆ ಕಳಿಸಬೇಕೆಂಬ ಒಂದು ಸುತ್ತೋಲೆ ಹೊರಡಿಸಲು ದೊಡ್ಡ ಕಾನೂನೇನೂ ಬೇಡ. ನಮ್ಮ ಶಾಸಕರಿಗೂ ಇದನ್ನು ಬರೆದು ಕೊಟ್ಟಿದ್ದೇವೆ.

ಈಗ ಇಂಥ ಘಟಕಗಳಲ್ಲಿ ಕಾಂಟ್ರಾಕ್ಟಿನ ಮೇಲೆ ಇರುವವರು ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯಲ್ಲಿ ಅಂಥವರಿದ್ದರೆ, ಪಿಎಫ್ ಪಾಸ್‌ಬುಕ್ ಇವತ್ತೇ ತೆಗೆದು ನೋಡಿ. ಹೆಸರು, ಹುಟ್ಟಿದ ತಾರೀಖು ಆಧಾರ್‌ಗೆ ಹೊಂದುತ್ತದೆಯೇ ನೋಡಿ. ಕಾರ್ಖಾನೆ ನಡೆಯುವಾಗ ಅದನ್ನು ಸರಿ ಮಾಡಿಸುವುದು ಸುಲಭ. ಮುಚ್ಚಿದ ಮೇಲೆ ಸಹಿ ಹಾಕಿಕೊಡುವವರೇ ಇರುವುದಿಲ್ಲ. ಗೇಟ್ ಪಾಸ್, ಗುರುತಿನ ಚೀಟಿ, ಹಳೆಯದಾದರೂ ಎಸೆಯಬೇಡಿ.

ಅರ್ಜಿ ಕೊಟ್ಟ ಮೇಲೆ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಚೀಟಿ ಹಿಡಿದು ಬರುತ್ತಿದ್ದಾರೆ. ವಿಚಾರಣೆಯ ದಿನ ಇನ್ನೂ ಗೊತ್ತಾಗಿಲ್ಲ. ಕಾರ್ಖಾನೆಯವರು ಆ ಸಹಿ ನಿನ್ನದೇ ಎಂದು ಹೇಗೆ ಹೇಳುತ್ತೀ ಎಂದು ಕೇಳಬಹುದು, ತಯಾರಿರಬೇಕು ಎಂದು ವಕೀಲರು ಎಚ್ಚರಿಸಿದರು. ಆಕೆ ಸೆರಗು ಸರಿಮಾಡಿಕೊಂಡು, "ಹತ್ತು ವರ್ಷ ಹಾಕೀನ್ರಿ ಸರ, ನನ್ ಸಹಿ ನನಗ ಗುರ್ತ ಸಿಗಂಗಿಲ್ಲೇನು? ಕಾಗದ ಒಮ್ಮಿ ಮುಂದ ಇಡಂತ ಹೇಳ್ರಿ ಅವರಿಗಿ," ಅಂದಳು.